ರೀವಗಳು ತಡವಾದ ವರ್ಷ

ಕೊಪ್ಪ
12 ನವೆಂಬರ್ 2006

ಪ್ರೀತಿಯ ಉಮಾಮಹೇಶ,

ನಿನಗೆ ಬರೆಯದೆ ವರ್ಷದ ಮೇಲಾಯಿತು. ನೀನು ಒರಿಸ್ಸಾದಲ್ಲಿ ಚಿಲಿಕಾ ಸರೋವರದ ಹಕ್ಕಿಗಳ ಕೆಲಸದಲ್ಲಿದ್ದೀಯೆಂದೂ ಅಲ್ಲಿ ಫೋನ್ ಸಿಗುವುದಿಲ್ಲವೆಂದೂ ನಿಮ್ಮ ಮನೆಯವರು ಹೇಳಿ ಈ ವಿಳಾಸ ಕೊಟ್ಟರು. ಇಲ್ಲಿ ದೀಪಾವಳಿ ಕಳೆದರೂ ಮಳೆ ಬಿಟ್ಟಿಲ್ಲ. ನಾನು ಎಂದಿನಂತೆ ಬೆಳಗಿನ ಬಸ್ಸಿಗೆ ಶೃಂಗೇರಿಗೆ ಹೋಗಿ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡಿ ಸಂಜೆ ಬರುತ್ತೇನೆ. ಅಮ್ಮ ಆರೋಗ್ಯವಾಗಿದ್ದಾರೆ, ಮಾತು ಕಡಿಮೆ.

ಕಳೆದ ವಾರ ವೃಷಭೇಂದ್ರಪ್ಪ ಕಾಲೇಜಿಗೇ ಬಂದಿದ್ದ. ಮುತ್ತಿನಕೊಪ್ಪದ ಆಚೆ, ಭದ್ರಾ ಹಿನ್ನೀರಿನ ದಂಡೆಯಲ್ಲಿ ರೆಸಾರ್ಟ್ ಇಟ್ಟಿರುವ ಅದೇ ವೃಷಭೇಂದ್ರಪ್ಪ. ಗಾಳಿ ಎದ್ದಿದ್ದರೂ ನನ್ನ ತಮ್ಮ ವೀರೇಶನ ಕೈಗೆ ಬೋಟ್ ಕೊಟ್ಟು, ಒಂದು ಲೈಫ್ ಜಾಕೆಟ್ ಕಡಿಮೆ ಇದ್ದರೂ ಪ್ರವಾಸಿಗರ ಜೊತೆ ನೀರಿಗೆ ಕಳಿಸಿ, ಹೆಣ ಸಿಕ್ಕ ಮೇಲೆ ಹುಡುಗ ಕುಡಿದಿದ್ದನೆಂದು ಪೊಲೀಸರ ಮುಂದೆ ಬರೆಸಿದವನು. ಜಾಕೆಟ್ ಹಾಕಿಕೊಂಡಿದ್ದವರು ಬದುಕಿ ಬೆಂಗಳೂರಿಗೆ ಹೋದರು, ಬಾಯಿ ಬಿಡಲಿಲ್ಲ. ಕಡಹಿನಬೈಲಿನ ನಮ್ಮ ಗದ್ದೆಯ ಪಕ್ಕ ಅವನನ್ನು ಮಣ್ಣು ಮಾಡುವಾಗ, ಕುಡಿಯುವವರ ಕಥೆ ಇಷ್ಟೇ ಎಂದು ಹಿಂದಿನಿಂದ ಯಾರೋ ಅಂದದ್ದು ಅಮ್ಮನ ಕಿವಿಗೆ ಬಿತ್ತು. ಅವತ್ತಿನಿಂದ ಅವರು ಯಾರ ಮನೆಯ ಮದುವೆಗೂ ಹೋಗಿಲ್ಲ.

ಆತ ಬೇಸಿಗೆಯಲ್ಲಿ ಹಕ್ಕಿ ಹಬ್ಬ ಮಾಡುತ್ತಾನಂತೆ. ಹಿನ್ನೀರಿನ ನಡುಗಡ್ಡೆಯಲ್ಲಿ ಮೊಟ್ಟೆ ಇಡಲು ಬರುವ ರೀವ ಹಕ್ಕಿಗಳನ್ನು ತೋರಿಸಲು ಪತ್ರಿಕೆಯವರನ್ನೂ ಟ್ರಾವೆಲ್ಸ್‌ನವರನ್ನೂ ಕರೆಸುತ್ತಾನಂತೆ. ತಾರೀಖು ನಾನು ಗೊತ್ತುಮಾಡಿಕೊಟ್ಟು, ವೇದಿಕೆಯ ಮೇಲೆ ಆತನ ಪಕ್ಕ ಕೂರಬೇಕಂತೆ. ಸತ್ತವನ ಅಕ್ಕನೇ ಪಕ್ಕದಲ್ಲಿ ಕೂತರೆ ಊರಿನ ಬಾಯಿ ಮುಚ್ಚುತ್ತದೆ ಎಂಬ ಎಣಿಕೆ.

ನಾನು ಒಪ್ಪಿದೆ.

ನನ್ನದು ಪುಸ್ತಕದ ಓದು. ಆ ನಡುಗಡ್ಡೆ ನಿನಗೂ ವೀರೇಶನಿಗೂ ಅಂಗೈಯಂತೆ ಗೊತ್ತಿತ್ತು. ರೀವಗಳು ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ, ಬರೆ. ಹೋಗುವುದು ಯಾವಾಗ ಎಂಬುದನ್ನು ಸರಿಯಾಗಿ ಬರೆ.

ಮೇಘನ

—

ಚಿಲಿಕಾ
2 ಡಿಸೆಂಬರ್ 2006

ಮೇಘನಕ್ಕನಿಗೆ ಉಮಾಮಹೇಶನ ಶರಣು.

ನಿಮ್ಮ ಪತ್ರ ದೋಣಿಯಲ್ಲಿ ಬಂತು. ಓದಿ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಆತನ ಪಕ್ಕ ನೀವು ಕೂರುವುದೇ? ವೀರೇಶ ನನ್ನ ಜೊತೆ ನರಸಿಂಹರಾಜಪುರದ ಹೋಟೆಲಿನಲ್ಲಿ ಕಷಾಯ ಬಿಟ್ಟು ಬೇರೇನೂ ಕುಡಿದವನಲ್ಲ. ನಿಮಗೆ ಏನೋ ಒತ್ತಾಯವಿರಬೇಕು, ಇಲ್ಲವೇ ದುಃಖ ಹಳತಾಗಿರಬೇಕು. ಎರಡರಲ್ಲಿ ಯಾವುದೆಂದು ಕೇಳುವ ಅಧಿಕಾರ ನನಗಿಲ್ಲ.

ಕೇಳಿದ್ದಕ್ಕೆ ಉತ್ತರ: ಕರಿ ಟೋಪಿ, ಹಳದಿ ಕೊಕ್ಕು, ಸೀಳು ಬಾಲದ ಆ ಹಕ್ಕಿಗಳು ಸಂಕ್ರಾಂತಿಯ ಆಸುಪಾಸಿಗೆ ಹಿನ್ನೀರಿಗೆ ಬರುತ್ತಿದ್ದವು. ನೀರು ಇಳಿದು ನಡುಗಡ್ಡೆಯ ಮರಳು ಮೇಲೆದ್ದ ಕೂಡಲೇ, ಶಿವರಾತ್ರಿಯ ಹೊತ್ತಿಗೆ, ಬರಿನೆಲದ ಮೇಲೆಯೇ ಮೊಟ್ಟೆ. ಅವಕ್ಕೆ ಗೂಡಿಲ್ಲ. ನಾವು ಕಾಲೇಜಿನಲ್ಲಿದ್ದಾಗ ಏಪ್ರಿಲ್ ಮುಗಿಯುವುದರೊಳಗೆ ಮರಿಗಳೆಲ್ಲ ಹಾರಿ, ನಡುಗಡ್ಡೆಯಲ್ಲಿ ಹಿಕ್ಕೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಹಬ್ಬ ಮಾಡುವುದೇ ಆದರೆ ಮಾರ್ಚ್ ನಡುವೆ, ದೂರದಿಂದ, ದುರ್ಬೀನಿನಲ್ಲಿ ನೋಡುವಂತೆ ಮಾಡಲಿ.

ಅಮ್ಮನಿಗೆ ನಮಸ್ಕಾರ.

ಉಮಾಮಹೇಶ

—

ಕೊಪ್ಪ
20 ಡಿಸೆಂಬರ್ 2006

ಉಮಾಮಹೇಶ,

ದುಃಖ ಹಳತಾಗಿದೆ ಎಂದೆಯಲ್ಲ, ಆ ಮಾತಿಗೆ ನಿನ್ನನ್ನು ಕ್ಷಮಿಸಿದ್ದೇನೆ. ನಿನಗೊಬ್ಬನಿಗೇ ಹೇಳುತ್ತೇನೆ, ಕೇಳು.

ಹಬ್ಬದ ತಾರೀಖು ಮೇ ತಿಂಗಳ ಮೊದಲ ಭಾನುವಾರ. ನಡುಗಡ್ಡೆ ಹಕ್ಕಿಗಳಿಂದ ತುಂಬಿ ತುಳುಕುವ ಕಾಲ ಅದೇ ಎಂದು ಆತನಿಗೆ ಹೇಳಿದೆ. ಆತ ನಂಬಿದ. ಕರಪತ್ರಕ್ಕೆ ಕೊಟ್ಟೂ ಆಯಿತಂತೆ, ಸಾವಿರಾರು ರೀವಗಳೆಂದು ದೊಡ್ಡ ಅಕ್ಷರದಲ್ಲಿ. ಪತ್ರಿಕೆಯವರು, ಟ್ರಾವೆಲ್ಸ್‌ನವರು, ಜಿಲ್ಲೆಯ ದೊಡ್ಡವರು ಬೋಟಿನಲ್ಲಿ ಕೂತು ಆ ನಡುಗಡ್ಡೆಗೆ ಹೋಗಲಿ. ಅಲ್ಲಿ ಹಿಕ್ಕೆ ನೋಡಲಿ. ಎಲ್ಲರೆದುರು ಆತ ಏನು ಹೇಳುತ್ತಾನೋ ಕೇಳಬೇಕು ನನಗೆ. ಆಗ ನಾನು ಮೈಕು ತೆಗೆದುಕೊಂಡು, ಈತನ ಬಾಯಿಂದ ಬಂದ ಸುಳ್ಳು ಇದೊಂದೇ ಅಲ್ಲ ಎಂದು ಶುರು ಮಾಡುತ್ತೇನೆ. ಪೊಲೀಸ್ ಠಾಣೆಯಲ್ಲಿ ಕೇಳದೇ ಹೋದದ್ದನ್ನು ಪತ್ರಿಕೆಯವರು ಕೇಳುತ್ತಾರೆ.

ಬಸ್ಸಿನಲ್ಲಿ ಹೋಗುತ್ತ ಬರುತ್ತ ಆ ಮಾತುಗಳನ್ನು ಜೋಡಿಸುತ್ತಿರುತ್ತೇನೆ. ಎರಡು ವರ್ಷದಲ್ಲಿ ಮೊದಲ ಸಲ ನಿದ್ದೆ ಚೆನ್ನಾಗಿ ಬರುತ್ತಿದೆ.

ಮೇಘನ

—

ಚಿಲಿಕಾ
9 ಜನವರಿ 2007

ಅಕ್ಕಾ,

ಪತ್ರ ಓದಿ ಇಲ್ಲಿ ಗುಡಾರದಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಜೊತೆಯವರು ಏನಾಯಿತೆಂದು ಕೇಳಿದರು. ನನ್ನ ಊರಿನ ಒಬ್ಬನ ಮರ್ಯಾದೆ ಹೋಗುವುದಿದೆ ಎಂದೆ. ಆತನ ಮುಖ ನೋಡಲು ನಾನಲ್ಲಿ ಇರುವುದಿಲ್ಲವಲ್ಲ ಎಂಬುದೊಂದೇ ಬೇಸರ. ನಿಮ್ಮನ್ನು ತಪ್ಪು ತಿಳಿದೆ, ಬಿಟ್ಟುಬಿಡಿ.

ಆದರೆ ಒಂದು ಮಾತು. ನಾನು ಬರೆದದ್ದು ಹತ್ತು ವರ್ಷದ ಹಿಂದಿನ ಕಾಲ. ಈಗ ಹಾಗಿಲ್ಲ. ಇಲ್ಲಿ ಉತ್ತರದಿಂದ ಬರುವ ಬಾತುಗಳು ತಡವಾಗಿ ಬಂದು ಬೇಗ ಹೊರಡುತ್ತಿವೆ. ಆ ಕಡೆಯ ಚಳಿಯೇ ಸಡಿಲಾಗಿದೆ ಎನ್ನುತ್ತಾರೆ. ಹಳಬರು ಗುರುತಿಟ್ಟುಕೊಂಡ ತಿಥಿಗಳು ಒಂದೂ ಕೂಡುತ್ತಿಲ್ಲ. ನಮ್ಮ ಕಡೆ ನವೆಂಬರಿನಲ್ಲೂ ಮಳೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಹಿನ್ನೀರು ತುಂಬಿಯೇ ಇರುತ್ತದೆ, ನಡುಗಡ್ಡೆ ತಡವಾಗಿ ಏಳುತ್ತದೆ. ಕಾಲಿಡಲು ನೆಲವಿಲ್ಲದೆ ರೀವಗಳು ಮೊಟ್ಟೆ ಇಡುವುದು ಹೇಗೆ? ಕಾಯುತ್ತವೆ. ಮೇ ಹೊತ್ತಿಗೆ ನಡುಗಡ್ಡೆ ಖಾಲಿ ಇರುತ್ತದೆಂದು ನಾನು ಮಾತು ಕೊಡಲಾರೆ.

ಮಾರ್ಚಿನಲ್ಲಿ ಒಮ್ಮೆ ನೀವೇ ಹೋಗಿ ನೋಡಿ. ಮರಳ ಮೇಲೆ ಮೊಟ್ಟೆ ಕಂಡರೆ ಸರಿ, ಮೇ ಹೊತ್ತಿಗೆ ಮರಿ ಹಾರಿರುತ್ತವೆ, ಮುಂದುವರಿಸಿ. ಕಾಣದಿದ್ದರೆ ತಾರೀಖು ಬದಲಿಸಿ. ಇದೊಂದನ್ನು ಮರೆಯಬೇಡಿ.

ಉಮಾಮಹೇಶ

—

ಕೊಪ್ಪ
25 ಮಾರ್ಚ್ 2007

ಉಮಾಮಹೇಶ,

ಹೋಗಿ ನೋಡಿ ಬಂದೆ. ಎಲ್ಲ ನೀನು ಹೇಳಿದ ಹಾಗೇ ಇದೆ. ಮೊಟ್ಟೆ ಇಟ್ಟಿವೆ.

ಕರಪತ್ರ ಅಚ್ಚಾಗಿ ಬಂದಿದೆ. ನನ್ನ ಹೆಸರು ಎರಡನೆಯ ಸಾಲಿನಲ್ಲಿದೆ. ಅಮ್ಮ ಅದನ್ನು ನೋಡಿ ಎದ್ದು ಒಳಗೆ ಹೋದರು. ಮೇ ಬರಲಿ, ಅವರಿಗೆ ಗೊತ್ತಾಗುತ್ತದೆ.

ಮೇಘನ

—

ಚಿಲಿಕಾ
14 ಏಪ್ರಿಲ್ 2007

ಅಕ್ಕಾ,

ನಿಮ್ಮ ಪತ್ರ ಚಿಕ್ಕದಾಗಿತ್ತು, ಆದರೆ ನನಗೆ ಬಹಳ ಸಮಾಧಾನ ಕೊಟ್ಟಿತು. ಹಕ್ಕಿಗಳ ವಿಷಯಕ್ಕಲ್ಲ. ನೀವು ಆ ನೀರಿನ ಹತ್ತಿರ ಹೋದಿರಲ್ಲ, ಅದಕ್ಕೆ. ಹೆಣ ತೆಗೆದ ದಿನ ದಂಡೆಯಲ್ಲಿ ನಿಮ್ಮನ್ನು ನಾನೂ ರೆಸಾರ್ಟಿನ ಬೋಟ್ ನಡೆಸುವ ಸುಬ್ರಾಯನೂ ಹಿಡಿದುಕೊಂಡದ್ದು ನೆನಪಿದೆ. ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲವೆಂದು ಅವತ್ತು ಅಂದಿದ್ದಿರಿ.

ವೃಷಭೇಂದ್ರಪ್ಪನಿಗೆ ನನ್ನ ಕಡೆಯಿಂದಲೂ ನಾಲ್ಕು ಮಾತು ಸೇರಿಸಿ ಹೇಳಿ.

ಉಮಾಮಹೇಶ

—

ಕೊಪ್ಪ
9 ಮೇ 2007

ಉಮಾಮಹೇಶ,

ಮೊದಲು ಇದನ್ನು ಓದಿಕೋ. ಮಾರ್ಚಿನಲ್ಲಿ ನಾನು ಹೋಗಿರಲಿಲ್ಲ. ಮುತ್ತಿನಕೊಪ್ಪದ ಬಸ್ಸು ಹತ್ತಿದೆ. ಊರು ದಾಟಿ ನೀರು ಕಾಣುತ್ತಲೇ ಇಳಿದು, ಎದುರಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ವಾಪಸು ಬಂದೆ. ನಿನಗೆ ಸುಳ್ಳು ಬರೆದೆ.

ಹಬ್ಬಕ್ಕೆ ಒಂದು ವಾರ ಇರುವಾಗ ವೃಷಭೇಂದ್ರಪ್ಪ ಫೋನ್ ಮಾಡಿ, ನಡುಗಡ್ಡೆ ತುಂಬ ಹಕ್ಕಿ ಎಂದ. ಬೆಳ್ಳಕ್ಕಿಗೂ ರೀವಕ್ಕೂ ವ್ಯತ್ಯಾಸ ತಿಳಿಯದವನು ಎಂದು ಮನಸ್ಸಿನಲ್ಲೇ ನಕ್ಕೆ.

ಭಾನುವಾರ ಆತ ನನ್ನನ್ನು ತನ್ನ ಬೋಟಿನಲ್ಲೇ ಕೂರಿಸಿಕೊಂಡ. ನಡೆಸುತ್ತಿದ್ದವನು ಸುಬ್ರಾಯ. ಹಿಂದೆ ಇನ್ನೂ ಮೂರು ಬೋಟು. ನಾನು ನೀರು ನೋಡಲಿಲ್ಲ, ಕೈಯಲ್ಲಿದ್ದ ಚೀಲ ನೋಡುತ್ತ ಮಾತು ಜೋಡಿಸುತ್ತಿದ್ದೆ. ಕೂಗು ಕೇಳಿ ತಲೆ ಎತ್ತಿದರೆ, ನಡುಗಡ್ಡೆಯ ಮೇಲೆ ಆಕಾಶವೇ ಕಾಣದಷ್ಟು ರೀವಗಳು. ನನಗೆ ಮೊದಲು ಬಂದದ್ದು ಹಕ್ಕಿಗಳ ಮೇಲೆ ಸಿಟ್ಟು, ಉಮಾಮಹೇಶ. ಇನ್ನೂ ಯಾಕೆ ಹೋಗಿಲ್ಲ ಇವು ಎಂದು. ಜೋಡಿಸಿಟ್ಟ ಮಾತು ಇನ್ನು ಯಾವುದಕ್ಕೂ ಬರುವಂತಿರಲಿಲ್ಲ.

ದೂರದಿಂದ ನೋಡಿ ತಿರುಗುವುದೆಂದು ಮಾತಾಗಿತ್ತು. ಫೋಟೋದವರು ಹತ್ತಿರ ಬೇಕೆಂದರು. ಮೊಟ್ಟೆ ಇವೆ, ಇಳಿಸುವುದು ಬೇಡ ಎಂದು ಸುಬ್ರಾಯ ಎರಡು ಸಲ ಹೇಳಿದ. ಆಗ ವೃಷಭೇಂದ್ರಪ್ಪ ಆಡಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: "ಬೋಟ್ ದಡಕ್ಕೆ ಹಚ್ಚು ಮಾರಾಯ. ದೂರದಿಂದ ನೋಡೋಕೆ ಇವ್ರು ಇಷ್ಟು ದೂರ ಬಂದಿದ್ದಾ?"

ಉರಿಬಿಸಿಲು. ಅಷ್ಟೂ ಜನ ಇಳಿದರು. ಮೊಟ್ಟೆಗಳು ಮರಳಿನದೇ ಬಣ್ಣ, ಕಾಲ ಕೆಳಗೆ ಸಿಕ್ಕುವವರೆಗೆ ಕಾಣುವುದಿಲ್ಲ. ಹಕ್ಕಿಗಳು ಕಾವು ಕೊಡಲು ಕೂತಿದ್ದವು ಎಂದುಕೊಂಡಿದ್ದೆ. ಅವು ತಮ್ಮ ಮೈಯಿಂದ ಮೊಟ್ಟೆಗೆ ನೆರಳು ಕೊಡುತ್ತಿದ್ದವು. ನಾನು ಇಳಿದು, ಮೇಲೆ ಬನ್ನಿ, ಬೋಟಿಗೆ ಬನ್ನಿ ಎಂದು ಒಬ್ಬೊಬ್ಬರನ್ನೂ ಬೇಡಿದೆ. ಮೇಡಂ ಹೆದರಿದ್ದಾರೆ ಎಂದು ನಕ್ಕರು. ಅವರು ಹೊರಡುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಒಡೆಯದೆ ಉಳಿದ ಮೊಟ್ಟೆ ಒಂದನ್ನು ಮುಟ್ಟಿದೆ. ಒಲೆಯಿಂದ ಇಳಿಸಿದ ಹಾಗಿತ್ತು. ನಾವು ದೂರ ಸರಿಯುತ್ತಲೇ ಕಾಗೆಗಳು ಇಳಿದವು.

ವೇದಿಕೆಯಲ್ಲಿ ಆತ ನನಗೆ ಶಾಲು ಹೊದಿಸಿದ. ಇಷ್ಟು ಸರಿಯಾಗಿ ತಾರೀಖು ಕೊಟ್ಟವರು ನಮ್ಮ ಮೇಘನ ಮೇಡಂ ಎಂದು ಮೈಕಿನಲ್ಲಿ ಹೇಳಿದ. ಜನ ಚಪ್ಪಾಳೆ ಹೊಡೆದರು. ಮಾತಾಡಲು ನಿಂತ ನಾನು, ನಮಸ್ಕಾರ ಎಂದಷ್ಟೇ ಹೇಳಿ ಕೂತೆ.

ಮೇಘನ

—

ಚಿಲಿಕಾ
21 ಮೇ 2007

ಮೇಘನಕ್ಕ,

ನೀವೇ ಹೋಗಿ ನೋಡಿ ಎಂದು ಬರೆದಿದ್ದೆ. ನೋಡಿದೆನೆಂದು ಬರೆದಿರಿ.

ನನ್ನ ಸ್ನೇಹಿತನನ್ನು ನುಂಗಿದವನಿಗೆ ನಮ್ಮ ಕೈಯಾರೆ ಆ ನಡುಗಡ್ಡೆಯನ್ನೂ ಬಡಿಸಿದೆವು. ಸದ್ಯ ನನಗೆ ಬರೆಯಬೇಡಿ.

ಉಮಾಮಹೇಶ

—

ಕೊಪ್ಪ
10 ಜೂನ್ 2007

ಉಮಾಮಹೇಶ,

ಬರೆಯಬೇಡಿ ಎಂದಿದ್ದೆ. ಇದೊಂದನ್ನು ಓದು, ಆಮೇಲೆ ನಿನ್ನ ಇಷ್ಟ.

ಫೋಟೋದವನೊಬ್ಬನ ಚಿತ್ರ ಪತ್ರಿಕೆಯಲ್ಲಿ ಬಂತು: ಜನರ ಕಾಲು, ನಡುವೆ ಒಡೆದ ಮೊಟ್ಟೆ. ಅರಣ್ಯ ಇಲಾಖೆಯವರು ವಿಚಾರಣೆಗೆ ಬಂದರು. ವೃಷಭೇಂದ್ರಪ್ಪ ಏನು ಹೇಳಿದ ಗೊತ್ತೇ? ದೂರದಿಂದ ತೋರಿಸಿ ತಿರುಗು ಎಂದೇ ತಾನು ಹೇಳಿದ್ದನಂತೆ. ಸುಬ್ರಾಯ ಕುಡಿದಿದ್ದನಂತೆ. ಕುಡಿದ ಅಮಲಿನಲ್ಲಿ ಬೋಟ್ ಹಚ್ಚಿದನಂತೆ. ಅದೇ ಮಾತು, ಒಂದಕ್ಷರ ಆಚೀಚೆ ಇಲ್ಲ. ಸುಬ್ರಾಯನನ್ನು ಕೆಲಸದಿಂದ ತೆಗೆದು, ಕೇಸು ಅವನ ತಲೆಗೆ ಕಟ್ಟುವ ತಯಾರಿ ನಡೆದಿತ್ತು. ಬೋಟ್ ಹಚ್ಚು ಎಂದು ಆತನೇ ಅಂದದ್ದನ್ನು ಕೇಳಿಸಿಕೊಂಡವರಲ್ಲಿ ಈ ಊರಿನವಳು ನಾನೊಬ್ಬಳೇ.

ಅದು ಗೊತ್ತಿದ್ದೇ ಆತ ನಮ್ಮ ಮನೆಗೆ ಬಂದ. ಬೆಳಗ್ಗೆ ತಿಂಡಿಯ ಹೊತ್ತು, ಅಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಜಗಲಿಯಲ್ಲಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ ಹೇಳಿದ: "ನೋಡಿ ಮೇಡಂ, ವೀರೇಶ ಅವತ್ತು ಕುಡಿದಿರ್ಲಿಲ್ಲ. ಗಾಳಿ ಇದೆ ಬೇಡ ಅಂತ ಅವ್ನು ಹೇಳಿದ್ದ. ಹೋಗು ಅಂದಿದ್ದು ನಾನೇ. ಅದನ್ನ ಯಾರೆದುರು ಬೇಕಾದ್ರೂ ಹೇಳ್ತೀನಿ, ಬರ್ದೂ ಕೊಡ್ತೀನಿ. ಸುಬ್ರಾಯನ ವಿಷ್ಯದಲ್ಲಿ ನೀವು ಸುಮ್ನಿರಿ, ಸಾಕು."

ನಾನು ಎರಡು ವರ್ಷ ಕಾದದ್ದು ಆ ಒಂದು ಮಾತಿಗೆ. ನಿನ್ನ ಮುಂದೆ ದೊಡ್ಡವಳಾಗಲು ಇದನ್ನು ಬರೆಯುತ್ತಿಲ್ಲ: ನನ್ನ ಬಾಯಿ 'ಆಗಲಿ' ಎನ್ನುವುದರಲ್ಲಿತ್ತು. ಸುಬ್ರಾಯ ನನಗೆ ಯಾರು? ವೀರೇಶ ನನ್ನ ತಮ್ಮ.

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತದ್ದು ನಮಗಿಬ್ಬರಿಗೂ ಗೊತ್ತಾಗಿರಲಿಲ್ಲ. ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಎರಡು ವರ್ಷದಲ್ಲಿ ಹೊರಗಿನವರೆದುರು ಅವರು ಆಡಿದ ಮೊದಲ ಮಾತು ಅದು.

"ನನ್ನ ಮಗ ಕುಡಿದಿರ್ಲಿಲ್ಲ ಅಂತ ನಂಗೆ ನೀವು ಹೇಳ್ಬೇಕಾಗಿರ್ಲಿಲ್ಲ ವೃಷಭೇಂದ್ರಪ್ಪ. ಸುಬ್ರಾಯಂಗೂ ತಾಯಿ ಇದಾಳೆ. ಅವ್ಳನ್ನೂ ನನ್ನ ಹಾಗೆ ಎರಡು ವರ್ಷ ಮನೇಲಿ ಕೂರಿಸ್ತೀರಾ?"

ಆತ ಎದ್ದು ಚಪ್ಪಲಿ ಹುಡುಕಿದ. ಅಮ್ಮ ಮೆಟ್ಟಿಲಿನವರೆಗೂ ಹಿಂದೆಯೇ ಹೋಗಿ, ನೀವು ಈಗ ಆಡಿದ್ದನ್ನು ನಾಳೆ ಠಾಣೆಗೆ ಹೋಗಿ ಹೇಳುತ್ತೇನೆ, ನೀವೂ ಬನ್ನಿ ಎಂದರು. ಮರುದಿನ ಹೋದರು ಕೂಡ. ಆತ ಬರಲಿಲ್ಲ. ಅಂಥ ಮಾತು ಆಡಿಯೇ ಇಲ್ಲ ಎಂದು ಹೇಳಿಕಳಿಸಿದನಂತೆ. ಹಳೆಯ ಕೇಸು ತೆರೆಯುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅಮ್ಮ ಮಾತ್ರ ಠಾಣೆಯಿಂದ ಸೀದಾ ಒಂದು ಮದುವೆ ಮನೆಗೆ ಹೋಗಿ, ಪಂಕ್ತಿಯಲ್ಲಿ ಕೂತು ಉಂಡು ಬಂದರು. ಕೇಳಿದವರಿಗೆಲ್ಲ ಆತ ನಮ್ಮ ಜಗಲಿಯಲ್ಲಿ ಏನು ಹೇಳಿದನೆಂದು ಹೇಳಿದರಂತೆ.

ನಾನು ನರಸಿಂಹರಾಜಪುರದ ಅರಣ್ಯ ಕಚೇರಿಗೆ ಹೋದೆ. ಆತನನ್ನೂ ಕರೆಸಿದ್ದರು. ಬೋಟಿನಲ್ಲಿ ಕೇಳಿದ್ದನ್ನು ಹೇಳಿದೆ. ಆತ ಎದ್ದು ನಿಂತು, ಇವರೇ ತಾರೀಖು ಕೊಟ್ಟವರು, ಇವರನ್ನೂ ಕೇಳಿ ಎಂದ. ಆ ಮಾತಿಗೆ ನಾನು ಹೆದರುತ್ತೇನೆಂದು ತಿಳಿದಿದ್ದ. ಹೌದು, ಕೊಟ್ಟವಳು ನಾನೇ, ಹಕ್ಕಿ ಇರುವುದಿಲ್ಲ ಎಂದುಕೊಂಡೇ ಕೊಟ್ಟೆ ಎಂದೆ. ಅಧಿಕಾರಿ ಪೆನ್ನು ನಿಲ್ಲಿಸಿ ಯಾಕೆಂದು ಕೇಳಿದರು.

"ಇವ್ರ ಮರ್ಯಾದೆ ತೆಗಿಯೋಕೆ," ಎಂದೆ.

ಇದನ್ನು ಬರೆದುಕೊಳ್ಳಲೇ ಎಂದರು. ಬರೆದುಕೊಳ್ಳಿ ಎಂದೆ. ಆಗ ವೃಷಭೇಂದ್ರಪ್ಪ ನನ್ನ ಕಡೆ ನೋಡಿದ. ನನ್ನನ್ನು ಕಂಡು ಆತ ಹೆದರಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ತನ್ನನ್ನೂ ಉಳಿಸಿಕೊಳ್ಳದವಳ ಜೊತೆ ಏನು ವ್ಯಾಪಾರ ಮಾಡುವುದೆಂದು ಆತನಿಗೆ ತಿಳಿಯಲಿಲ್ಲ. ನಿನ್ನಾಣೆ, ಆ ಮುಖ ನೋಡಿ ನನಗೆ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಗಲಿಲ್ಲ.

ಈ ವಿಷಯ ಇನ್ಯಾರಿಗಾದರೂ ಗೊತ್ತಿತ್ತೇ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದೆ.

ಸುಬ್ರಾಯನನ್ನು ಕೇಸಿನಿಂದ ಬಿಟ್ಟಿದ್ದಾರೆ. ರೆಸಾರ್ಟಿನ ಬೋಟುಗಳನ್ನು ದಡಕ್ಕೆ ಎಳೆದು ಸೀಲು ಹಾಕಿದ್ದಾರೆ. ಆತನ ಮೇಲೆ ಕೇಸು ಆಗುತ್ತದೆ, ನನ್ನ ಮೇಲೂ ಆಗಬಹುದು. ಕಾಲೇಜಿನವರು ವಿವರಣೆ ಕೇಳಿದ್ದಾರೆ. ಕಚೇರಿಯಿಂದ ಹೊರಟವಳು ಸುಬ್ರಾಯನ ಜೊತೆ ಹಿನ್ನೀರಿನ ದಂಡೆಗೆ ಹೋದೆ, ಈ ಸಲ ನಿಜವಾಗಿ. ಕೆಲವು ರೀವಗಳು ಮತ್ತೆ ಮೊಟ್ಟೆ ಇಟ್ಟು ಕೂತಿವೆ. ಮಳೆ ಹಿಡಿದಿದೆ, ನೀರು ಏರುತ್ತಿದೆ. ಅವು ಮುಳುಗುತ್ತವೆ ಎಂದು ಸುಬ್ರಾಯ ಹೇಳಿದ.

ಮೇಘನ

—

ಚಿಲಿಕಾ
22 ಜೂನ್ 2007

ಅಕ್ಕಾ,

ಅಧಿಕಾರಿಗೆ ನೀವು ಹೇಳಿದ್ದರಲ್ಲಿ ಒಂದು ಮಾತು ಸುಳ್ಳು. ಇನ್ಯಾರಿಗೂ ಗೊತ್ತಿರಲಿಲ್ಲ ಎಂದಿರಿ. ಗೊತ್ತಿದ್ದವನು ನಾನು. ಹಕ್ಕಿಗಳು ಹೋಗುವ ಕಾಲ ಬರೆದುಕೊಟ್ಟವನು ನಾನು. ನಿಮ್ಮ ಉಪಾಯ ಓದಿ ಗುಡಾರದಲ್ಲಿ ಕೂತು ನಕ್ಕವನು ನಾನು. ಕಾಲ ತಪ್ಪಿದೆ ಎಂದು ತಿಳಿದೂ, ನೀವು ನೋಡಿ ಬಂದೆ ಎಂದ ಕೂಡಲೇ ನಂಬಿ ಸುಮ್ಮನಾದೆ, ಯಾಕೆಂದರೆ ನನಗೂ ಆತನ ಮುಖ ಬಿಳುಚುವುದು ಬೇಕಿತ್ತು.

ವೃಷಭೇಂದ್ರಪ್ಪನನ್ನು ಬಿಡಬಾರದು. ವೀರೇಶನ ಕೇಸು ತೆರೆಸುವವರೆಗೂ ಬಿಡುವುದಿಲ್ಲ. ಹಕ್ಕಿಗಳ ಕೇಸಿನಲ್ಲಿ ನಮ್ಮನ್ನೂ ಬಿಡಬಾರದು.

ರಜೆ ಬರೆದುಕೊಟ್ಟಿದ್ದೇನೆ. ಜುಲೈ ಏಳರ ಶನಿವಾರ ಬೆಳಗ್ಗೆ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಅರಣ್ಯ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರಿ. ನನ್ನ ಹೆಸರನ್ನು ನಾನೇ ಬರೆಸುತ್ತೇನೆ.

ಉಮಾಮಹೇಶ